ಹಳೇ ಮನೆ, ಬಸದಿಗಳ ಫೋಟೋಗೆ ಸೆಕೆಂಡ್ ಹ್ಯಾಂಡ್ ಫುಲ್ ಫ್ರೇಮ್: 6ಡಿ, ಡಿ750, ಎ7 ಮಾರ್ಕ್ 2

ಮಂಗಳೂರು, ಉಡುಪಿ ಕಡೆಯ ಮದುವೆ ಫೋಟೋಗ್ರಾಫರುಗಳು ಒಬ್ಬೊಬ್ಬರಾಗಿ ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗಳಿಗೆ ಹೋಗುತ್ತಿದ್ದಾರೆ. ಅವರ ಹಳೇ ಕ್ಯಾಮೆರಾಗಳೆಲ್ಲ ಮಾರಾಟಕ್ಕೆ ಬರುತ್ತಿವೆ. ಕಟ್ಟಡಗಳ ಫೋಟೋ ತೆಗೆಯುವ ನಮ್ಮಂಥವರಿಗೆ ಇದು ಒಳ್ಳೇ ಕಾಲ. ಸೆಕೆಂಡಿಗೆ ಹತ್ತು ಫೋಟೋ ಹೊಡೆಯುವ ವೇಗ ನಮಗೆ ಬೇಡ. ಗುತ್ತಿನ ಮನೆ ಎಲ್ಲಿಗೂ ಓಡಿ ಹೋಗುವುದಿಲ್ಲ ಅಲ್ವಾ?

ನಾನು ಎರವಲು ತಂದು ಹೋಲಿಸಿದ್ದು ಮೂರು ಫುಲ್ ಫ್ರೇಮ್ (35 ಎಂಎಂ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾಗಳನ್ನು. ಲೆನ್ಸಿನ ಎಂಎಂ ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ; ಎಫ್ ಅಂದರೆ ಬೆಳಕು ಬಿಡುವ ದ್ವಾರದ ಅಳತೆ. 2012ರ ಕ್ಯಾನನ್ 6ಡಿ ಜೊತೆ 17-40 ಎಫ್4 ಲೆನ್ಸ್. 2014ರ ನಿಕಾನ್ ಡಿ750 ಜೊತೆ 18-35 ಜಿ. ಅದೇ 2014ರ ಸೋನಿ ಎ7 ಮಾರ್ಕ್ 2 ಜೊತೆ 16-35 ಎಫ್4. ಕೊನೆಗೆ ಕೊಂಡದ್ದು ಡಿ750.

ಮೊದಲು ನನ್ನ ಹತ್ತಿರ ಇದ್ದದ್ದು ಕ್ರಾಪ್ ಸೆನ್ಸರ್, ಅಂದರೆ ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ ಕ್ಯಾಮೆರಾ. ಅದರಲ್ಲಿ 18 ಎಂಎಂ ಹಾಕಿದರೆ ಸಿಗುವುದು 27 ಎಂಎಂನಷ್ಟೇ ನೋಟ. ಮಂಗಳೂರು ಬಂದರಿನ ಓಣಿಗಳಲ್ಲಿ ಎದುರಿನ ಗೋಡೆಗೆ ಬೆನ್ನು ಒತ್ತಿ ನಿಂತರೂ ಹಳೇ ಗೋದಾಮಿನ ಮಾಡು ಫ್ರೇಮಿನೊಳಗೆ ಬರುತ್ತಿರಲಿಲ್ಲ. ಕ್ರಾಪ್ ಸೆನ್ಸರಿಗೂ 10-20 ಲೆನ್ಸ್ ಸಿಗುತ್ತದೆ, ಸುಳ್ಳಲ್ಲ. ಆದರೆ ನನಗೆ ಅಗಲದ ಜೊತೆ ಇನ್ನೊಂದೂ ಬೇಕಿತ್ತು: ಕತ್ತಲೆಯಿಂದ ವಿವರ ಎಬ್ಬಿಸುವ ತಾಕತ್ತು.

ನಮ್ಮೂರ ಹಳೇ ಮನೆಗಳ ಕಷ್ಟ ಅದೇ. ಚಾವಡಿಯಲ್ಲಿ ಎಣ್ಣೆ ಕುಡಿದು ಕಪ್ಪಾದ ಹಲಸಿನ ಕಂಬಗಳು, ಮೂರು ಹೆಜ್ಜೆ ಆಚೆ ಉರಿಬಿಸಿಲಿನ ಅಂಗಳ. ತುಳಸಿಕಟ್ಟೆ ಬೆಳ್ಳಗೆ ಸುಟ್ಟುಹೋಗದಂತೆ ಎಕ್ಸ್‌ಪೋಶರ್ ಇಟ್ಟರೆ ಒಳಗಿನದ್ದೆಲ್ಲ ಕತ್ತಲೆ. ಕಾರ್ಕಳದ ಹತ್ತಿರದ ಒಂದು ಮನೆಯಲ್ಲಿ ಮೂರೂ ಕ್ಯಾಮೆರಾಗಳಿಂದ ಅದೇ ಜಾಗದಲ್ಲಿ, ಐಎಸ್‌ಓ (ಬೆಳಕಿನ ಸಂವೇದನೆ) 100ರಲ್ಲಿ ತೆಗೆದೆ. ಆಮೇಲೆ ಕಂಪ್ಯೂಟರಿನಲ್ಲಿ ನೆರಳನ್ನು ನಾಲ್ಕು ಸ್ಟಾಪ್‌ನಷ್ಟು ಎತ್ತಿದೆ (ಒಂದೊಂದು ಸ್ಟಾಪ್‌ಗೂ ಬೆಳಕು ಇಮ್ಮಡಿ). ಡಿ750ಯಲ್ಲಿ ಕಂಬದ ಬುಡದ ಕೆತ್ತನೆ, ರೆಡ್ ಆಕ್ಸೈಡ್ ನೆಲದ ಸಣ್ಣ ಬಿರುಕು, ಎಲ್ಲ ಶುಭ್ರವಾಗಿ ಎದ್ದು ಬಂತು. ಸೋನಿಯೂ ಹೆಚ್ಚುಕಡಿಮೆ ಅಷ್ಟೇ. 6ಡಿಯಲ್ಲಿ ಮಾತ್ರ ಕಂಬದ ಮೇಲೆ ಗೆರೆ ಗೆರೆಯಾಗಿ ನಾಯ್ಸ್. ಆ ಕಾಲದ ಕ್ಯಾನನ್ ಸೆನ್ಸರುಗಳ ಸ್ವಭಾವವೇ ಅದು.

ಟ್ರೈಪಾಡ್ ಇಟ್ಟು ಬ್ರಾಕೆಟ್ ಮಾಡಬಹುದಲ್ಲ, ಅಂದರೆ ಬೇರೆ ಬೇರೆ ಎಕ್ಸ್‌ಪೋಶರ್‌ನಲ್ಲಿ ಮೂರು ಫೋಟೋ ತೆಗೆದು ಸೇರಿಸಬಹುದಲ್ಲ ಅನ್ನಬಹುದು. ಮಾಡಬಹುದು. ಆದರೆ ಅಂಗಳದಾಚೆ ಅಡಿಕೆ ಸೋಗೆ ಗಾಳಿಗೆ ಅಲ್ಲಾಡಿತೋ, ಮೂರು ಫೋಟೋ ಸೇರಿಸಿದಾಗ ಪ್ರತಿ ಎಲೆಗೂ ಮೂರು ಅಂಚು. ಅದನ್ನು ಕೂತು ಸರಿಮಾಡುವ ತಾಳ್ಮೆ ನನಗಿಲ್ಲ.

ಹಾಗಂತ 6ಡಿಯನ್ನು ತೆಗೆದುಹಾಕುವ ಹಾಗಿಲ್ಲ. ಐಎಸ್‌ಓ 3200 ದಾಟಿದರೆ ಈ ವ್ಯತ್ಯಾಸ ಬಹುತೇಕ ಮಾಯ. ಪರ್ಯಾಯದ ರಾತ್ರಿ ಉಡುಪಿಯ ರಥಬೀದಿಯಲ್ಲಿ ದೀಪಾಲಂಕಾರ ತೆಗೆಯುವವರಿಗೆ ಅದು ಧಾರಾಳ ಸಾಕು. ಮೂರರಲ್ಲಿ ಅಗ್ಗವೂ ಅದೇ. 17-40 ಲೆನ್ಸ್‌ನ ಮೂಲೆಗಳು ಎಫ್4ರಲ್ಲಿ ಮಸುಕು, ಎಫ್11ಕ್ಕೆ ಹೋದರೆ ಸುಧಾರಿಸುತ್ತವೆ.

ಇನ್ನು ಮಟ್ಟದ ವಿಷಯ. ಎತ್ತರದ ಕಟ್ಟಡಕ್ಕೆ ಕ್ಯಾಮೆರಾವನ್ನು ಸ್ವಲ್ಪ ಮೇಲಕ್ಕೆ ಎತ್ತಿದರೂ ಗೋಡೆಗಳು ಹಿಂದಕ್ಕೆ ಬಿದ್ದ ಹಾಗೆ ಕಾಣುತ್ತವೆ. 6ಡಿಯ ಎಲೆಕ್ಟ್ರಾನಿಕ್ ಲೆವೆಲ್ ಎಡ-ಬಲ ವಾಲಿದ್ದನ್ನು ಮಾತ್ರ ತೋರಿಸುತ್ತದೆ. ಡಿ750, ಎ7 ಎರಡರಲ್ಲೂ ಹಿಂದೆ-ಮುಂದೆ ಬಾಗಿದ್ದೂ ಕಾಣುತ್ತದೆ. ಸ್ಕ್ರೀನೂ ಮಡಚುತ್ತದೆ. ಹಾಗಾಗಿ ಟ್ರೈಪಾಡನ್ನು ಮೊಣಕಾಲ ಮಟ್ಟಕ್ಕೆ ಇಳಿಸಿದರೂ ನೆಲದ ಮೇಲೆ ಮಲಗಬೇಕಿಲ್ಲ. ಕ್ಯಾಮೆರಾ ತಿರುಗಿಸಿ ಲಂಬ ಫೋಟೋ ತೆಗೆಯುವಾಗ ಮಾತ್ರ ಆ ಮಡಚುವ ಸ್ಕ್ರೀನ್ ದಂಡ. 6ಡಿಯ ಸ್ಕ್ರೀನ್ ಅಲ್ಲಾಡುವುದೇ ಇಲ್ಲ. ವೈಫೈ ಇದೆ, ಫೋನಿನಲ್ಲೇ ನೋಡಿ ಕ್ಲಿಕ್ ಮಾಡಬಹುದು. ಆದರೆ ಪ್ರತಿ ಸಲ ಫೋನ್ ಜೋಡಿಸುತ್ತ ಕೂರುವುದು ರಗಳೆ.

ಕ್ಯಾಮೆರಾ ಎತ್ತದೆ ನೇರವಾಗಿ ತೆಗೆದು, ಕೆಳಗಿನ ರಸ್ತೆಯನ್ನು ಕತ್ತರಿಸುವುದು ನನ್ನ ರೂಢಿ. ಮೂರನೇ ಒಂದು ಭಾಗ ಹೋದರೂ 24 ಮೆಗಾಪಿಕ್ಸೆಲ್‌ನಲ್ಲಿ 16 ಉಳಿಯುತ್ತದೆ. 6ಡಿಯ 20ರಲ್ಲಿ 13ರ ಆಸುಪಾಸು.

ಸೋನಿ ಗೆದ್ದದ್ದು ಮೂಡುಬಿದಿರೆಯಲ್ಲಿ. 1430ರ ಸಾವಿರ ಕಂಬದ ಬಸದಿ, ಒಂದು ಕಂಬದ ಹಾಗೆ ಇನ್ನೊಂದಿಲ್ಲ. ಜನ ಓಡಾಡುವ ಇಂಥ ಜಾಗಗಳಲ್ಲಿ ಟ್ರೈಪಾಡ್ ಬಿಚ್ಚುವುದೇ ಮುಜುಗರ. ಎ7 ಮಾರ್ಕ್ 2ರಲ್ಲಿ ಸೆನ್ಸರೇ ಅಲುಗಾಡಿ ಕೈನಡುಕವನ್ನು ಸರಿದೂಗಿಸುತ್ತದೆ. ಕಂಬಕ್ಕೆ ಭುಜ ಕೊಟ್ಟು ನಿಂತು ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ನಿಧಾನ ಶಟರ್‌ನಲ್ಲಿ ಕೈಯಲ್ಲೇ ತೆಗೆದೆ, ಕಲ್ಲಿನ ಕೆತ್ತನೆ ಚೂಪಾಗಿ ಬಂತು. ಡಿ750ಯಲ್ಲಿ ಅದೇ ಬೆಳಕಿಗೆ ಐಎಸ್‌ಓ ಎರಡು ಸ್ಟಾಪ್ ಏರಿಸಬೇಕಾಯಿತು.

ಹಾಗಾದರೆ ಸೋನಿ ಯಾಕೆ ಬೇಡ? ಒಂದು, ಬ್ಯಾಟರಿ. ಕಂಪನಿ ಲೆಕ್ಕದಲ್ಲೇ ಅದಕ್ಕೆ 350 ಫೋಟೋ, ಡಿ750ಗೆ 1230. ಇನ್ನೊಂದು, ಲೆನ್ಸ್ ದುಬಾರಿ. ಆ 16-35 ಲೆನ್ಸ್‌ನಲ್ಲಿ 16 ಎಂಎಂಗೆ ಹೋದರೆ ಮಾಡಿನ ಅಂಚು ಬಿಲ್ಲಿನಂತೆ ಬಾಗುತ್ತದೆ. ಸಾಫ್ಟ್‌ವೇರಿನಲ್ಲಿ ನೆಟ್ಟಗಾಗುತ್ತದೆ, ಆದರೆ ಅಂಚಿನಲ್ಲಿ ಸ್ವಲ್ಪ ಹೋಗುತ್ತದೆ. ಎ7 ಕೊಳ್ಳುವವರು ಕ್ಯಾಮೆರಾದ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಹೊಸದೇ ಅಂತ ನೋಡಿಕೊಳ್ಳಿ. 2015ರ ಅಪ್‌ಡೇಟ್ ನಂತರವೇ ಅದರಲ್ಲಿ ಕಂಪ್ರೆಸ್ ಆಗದ ರಾ ಫೈಲ್ (ಸೆನ್ಸರಿನ ಮೂಲ ದತ್ತಾಂಶ) ಸಿಗುವುದು.

ಆದರೆ ಮುಂದೆ ಶಿಫ್ಟ್ ಲೆನ್ಸ್ ಕೊಳ್ಳುವ ಆಸೆ ಇದ್ದರೆ ಲೆಕ್ಕ ತಿರುಗುತ್ತದೆ. ಕ್ಯಾನನ್‌ನ ಟಿಎಸ್-ಇ 17 ಎಂಎಂ ಕಟ್ಟಡದವರ ಕನಸು. ಕ್ಯಾಮೆರಾ ನೆಟ್ಟಗಿಟ್ಟು ಲೆನ್ಸನ್ನಷ್ಟೇ ಮೇಲಕ್ಕೆ ಸರಿಸಿ ಗೋಪುರದ ತುದಿ ಹಿಡಿಯಬಹುದು, ಕತ್ತರಿಸುವ ಪ್ರಶ್ನೆಯೇ ಇಲ್ಲ. 6ಡಿಗೆ ನೇರ ಕೂರುತ್ತದೆ. ಸೋನಿಯಲ್ಲಿ ಮೌಂಟಿನಿಂದ (ಲೆನ್ಸ್ ಕೂರಿಸುವ ಬಳೆಯಿಂದ) ಸೆನ್ಸರಿಗೆ 18 ಎಂಎಂ ಅಷ್ಟೇ, ಕ್ಯಾನನ್‌ನಲ್ಲಿ 44. ಹಾಗಾಗಿ ನಡುವೆ ಅಡಾಪ್ಟರ್‌ಗೆ ಜಾಗ ಇದೆ. ನಿಕಾನ್‌ನಲ್ಲಿ ಆ ಅಂತರವೇ 46.5, ಅಲ್ಲಿ ಆಗದ ಮಾತು. ಆ ಲೆನ್ಸ್ ಸೆಕೆಂಡ್ ಹ್ಯಾಂಡ್ ಆದರೂ ನನ್ನ ಬಜೆಟ್‌ಗೆ ಮೀರಿದ್ದು, ಹಾಗಾಗಿ ಆ ಚಿಂತೆ ಬಿಟ್ಟೆ.

ಕರಾವಳಿಯಲ್ಲಿ ಸೆಕೆಂಡ್ ಹ್ಯಾಂಡ್ ಅಂದರೆ ಬಾಡಿಗಿಂತ ಲೆನ್ಸ್ ಭಯ ಜಾಸ್ತಿ. ನೋಡಿದ ಒಂದು 17-40 ಹೊರಗೆ ಹೊಸದರ ಹಾಗಿತ್ತು. ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿದರೆ ಒಳಗಿನ ಗಾಜಿನ ಅಂಚಿನಲ್ಲಿ ಬಲೆಯ ಹಾಗೆ ಫಂಗಸ್. ಮಾರುವವರು ಅದು ಬರೀ ಧೂಳು ಅಂದರು. ಮಳೆಗಾಲದಲ್ಲಿ ಡ್ರೈ ಬಾಕ್ಸ್ ಇಲ್ಲದೆ ಬೀರುವಿನಲ್ಲಿ ಇಟ್ಟದ್ದಕ್ಕೆ ಇಲ್ಲಿ ಇದು ಮಾಮೂಲು. ಫ್ಲಾಶ್ ಕೂರಿಸುವ ಜಾಗ, ಮೌಂಟಿನ ಸ್ಕ್ರೂಗಳಲ್ಲಿ ತುಕ್ಕಿದ್ದರೆ ಉಪ್ಪು ಗಾಳಿ ಒಳಗೂ ಹೋಗಿದೆ ಅಂತಲೇ ಲೆಕ್ಕ. ಆರಂಭದ ಕೆಲವು ಡಿ750ಗಳ ಶಟರ್ ಬಗ್ಗೆ ನಿಕಾನ್ ಸರ್ವಿಸ್ ಸೂಚನೆ ಹೊರಡಿಸಿತ್ತು, ಸೀರಿಯಲ್ ನಂಬರ್ ಹಾಕಿ ನೋಡಿ. ಶಟರ್ ಬಾಳಿಕೆ 1,50,000 ಅನ್ನುತ್ತಾರೆ. ನಾನು ತೆಗೆದುಕೊಂಡ ಬಾಡಿ ಅದರ ಅರ್ಧ ದಾಟಿತ್ತು. ಅದನ್ನೇ ಹೇಳಿ ಚೌಕಾಸಿ ಮಾಡಿದೆ, ಉಳಿದ ದುಡ್ಡು 18-35ಕ್ಕೆ ಹೋಯಿತು.