ಗಾಳಿಯಲ್ಲಿ ಹೆಜ್ಜೆ ಊರುವ ನಿಂಜಾ: ‘ದಿ ಮೆಸೆಂಜರ್’

ಗಾಳಿಯಲ್ಲಿರುವಾಗ ಯಾವುದಾದರೂ ವಸ್ತುವಿಗೆ ಕತ್ತಿ ತಾಗಿಸಿದರೆ ಅಲ್ಲಿಂದಲೇ ಇನ್ನೊಂದು ಸಲ ಹಾರಬಹುದು. ‘ದಿ ಮೆಸೆಂಜರ್’ ಅನ್ನುವ ವಿಡಿಯೊ ಗೇಮ್‌ನ ಜೀವವೇ ಈ ಒಂದು ನಿಯಮ. ಕ್ಲೌಡ್‌ಸ್ಟೆಪ್ ಅಂತ ಅದಕ್ಕೆ ಹೆಸರು. ತೂಗುವ ಲಾಟೀನಾದರೂ ಸರಿ, ಶತ್ರುವಾದರೂ ಸರಿ, ಅವನು ನಮ್ಮ ಮೇಲೆ ಎಸೆದದ್ದಾದರೂ ಸರಿ. ಆಟ ಶುರುವಾಗುತ್ತಲೇ ಇದನ್ನು ಕಲಿಸಿಬಿಡುತ್ತಾರೆ. ಕೈಗೆ ಹತ್ತುವುದಕ್ಕೆ ಮಾತ್ರ ನನಗೆ ಎರಡು ಸಂಜೆ ಬೇಕಾಯಿತು.

ಒಂದು ಜಾಗದಲ್ಲಿ ಕೆಳಗೆ ಉದ್ದಕ್ಕೂ ಮುಳ್ಳು, ಮೇಲೆ ಸಾಲಾಗಿ ಲಾಟೀನುಗಳು, ಆಚೆ ಗೋಡೆ. ನಾನು ಏಟು ಹಾಕಿದ ತಕ್ಷಣ ಗಾಬರಿಯಲ್ಲಿ ಜಂಪ್ ಒತ್ತುತ್ತಿದ್ದೆ, ಮುಂದಿನ ಲಾಟೀನಿನ ಮೇಲಿಂದ ಹಾರಿ ಹೋಗಿ ಮುಳ್ಳಿಗೆ ಬೀಳುತ್ತಿದ್ದೆ. ಹತ್ತಾರು ಸಲ ಸತ್ತ ಮೇಲೆ ಗೊತ್ತಾಯಿತು, ಅವಸರವೇ ಬೇಡ. ಏಟು ಬಿದ್ದರೆ ಇನ್ನೊಂದು ಜಂಪ್ ನಮ್ಮ ಕೈಯಲ್ಲಿ ಉಳಿದಿರುತ್ತದೆ; ಸ್ವಲ್ಪ ಕೆಳಗಿಳಿದು, ಅಳತೆ ನೋಡಿಕೊಂಡು, ಆಮೇಲೆ ಒತ್ತಬಹುದು. ಆ ಅರ್ಧ ಕ್ಷಣದ ತಾಳ್ಮೆ ಹೆಬ್ಬೆರಳಿಗೆ ಬಂದ ಮೇಲೆ ಪರದೆಯ ಈ ತುದಿಯಿಂದ ಆ ತುದಿಗೆ ನೆಲ ಮುಟ್ಟದೆ ದಾಟಿದೆ. ಇಷ್ಟು ಖುಷಿ ಕೊಟ್ಟ ಜಂಪ್ ಬಟನ್ ನನಗೆ ಬೇರೆ ಯಾವ ಆಟದಲ್ಲೂ ಸಿಕ್ಕಿಲ್ಲ.

ಇದನ್ನು ಮಾಡಿದವರು ಕೆನಡಾದ ಕ್ವಿಬೆಕ್‌ನ ಸ್ಯಾಬೋಟಾಜ್ ಸ್ಟುಡಿಯೋದವರು. ಬಿಡುಗಡೆಯಾದದ್ದು 2018ರ ಆಗಸ್ಟ್‌ನಲ್ಲಿ. ಅದೇ ವರ್ಷ ದಿ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಚೊಚ್ಚಲ ಇಂಡಿ (ಸ್ವತಂತ್ರ ತಂಡದ) ಆಟದ ಪ್ರಶಸ್ತಿಯೂ ಬಂತು. ಕಥೆ ಸರಳ: ನಿಂಜಾಗಳ ಹಳ್ಳಿಯ ಮೇಲೆ ರಾಕ್ಷಸರ ದಂಡು ಬೀಳುತ್ತದೆ, ಪಶ್ಚಿಮದಿಂದ ಬಂದ ವೀರನೊಬ್ಬ ನಮ್ಮ ಕೈಗೆ ಒಂದು ಸುರುಳಿ ಕೊಟ್ಟು ಬೆಟ್ಟದ ತುದಿಗೆ ಮುಟ್ಟಿಸು ಅನ್ನುತ್ತಾನೆ.

1988ರ ‘ನಿಂಜಾ ಗೈಡನ್’ ಆಡಿದವರಿಗೆ ನೋಡಿದ ಕೂಡಲೇ ವಂಶ ಗೊತ್ತಾಗುತ್ತದೆ. ಆದರೆ ಅದರ ಕ್ರೌರ್ಯ ಇಲ್ಲಿಲ್ಲ. ಲೈಫ್‌ಗಳ ಲೆಕ್ಕವೇ ಇಲ್ಲ. ಸತ್ತರೆ ಕ್ವಾರ್ಬಲ್ ಅನ್ನುವ ಪುಟ್ಟ ರಾಕ್ಷಸ ಬಂದು ಹಿಂದಿನ ಚೆಕ್‌ಪಾಯಿಂಟ್‌ಗೆ ತಂದು ಬಿಡುತ್ತಾನೆ, ಅದರ ಕೂಲಿಗೆ ಸ್ವಲ್ಪ ಹೊತ್ತು ಬೆನ್ನು ಹತ್ತಿ ನಮಗೆ ಸಿಕ್ಕ ಟೈಮ್ ಶಾರ್ಡ್‌ಗಳನ್ನೆಲ್ಲ ನುಂಗುತ್ತಾನೆ. ಅಂಗಡಿಯಲ್ಲಿ ಹೊಸ ಶಕ್ತಿ ಕೊಳ್ಳುವುದು ಅದೇ ಶಾರ್ಡ್‌ಗಳಿಂದ, ಹಾಗಾಗಿ ಪೆಟ್ಟು ತಾಗುತ್ತದೆ, ಆದರೆ ಎದೆ ಒಡೆಯುವುದಿಲ್ಲ. ಅಂಗಡಿಗೆ ಹೋದಾಗಲೆಲ್ಲ ನೀಲಿ ನಿಲುವಂಗಿಯ ಅಂಗಡಿಯವನ ಹತ್ತಿರ ಒಂದು ಕಥೆ ಕೇಳಿಯೇ ಬನ್ನಿ.

ಟ್ರೇಲರ್‌ನಲ್ಲೇ ತೋರಿಸಿರುವುದರಿಂದ ಇದನ್ನು ಹೇಳಬಹುದು: ನಡುದಾರಿಯಲ್ಲಿ ಕಥೆ 500 ವರ್ಷ ಮುಂದಕ್ಕೆ ಜಿಗಿಯುತ್ತದೆ, ಜೊತೆಗೆ ಹಳೆಯ ಆಟಗಳಂಥ ಸರಳ 8 ಬಿಟ್ ಚಿತ್ರ ಇನ್ನಷ್ಟು ಬಣ್ಣ, ವಿವರವಿರುವ 16 ಬಿಟ್ ಆಗುತ್ತದೆ. ಆಮೇಲೆ ಅಲ್ಲಲ್ಲಿ ಕಾಲದ ಬಿರುಕುಗಳು. ಒಂದರೊಳಗೆ ನುಗ್ಗಿದರೆ ಹಿಂದಿನ ಕಾಲದಲ್ಲಿ ದಾರಿಗಡ್ಡವಿದ್ದ ಗೋಡೆ ಮುಂದಿನ ಕಾಲದಲ್ಲಿ ಇರುವುದಿಲ್ಲ. ಕಿವಿಗೆ ಇದು ಇನ್ನೂ ಸೊಗಸು. ರೇನ್‌ಬೋಡ್ರ್ಯಾಗನ್‌ಐಸ್ ಅನ್ನುವ ಹೆಸರಿನ ಸಂಗೀತಗಾರ ಪ್ರತಿ ಜಾಗದ ರಾಗವನ್ನೂ ಎರಡು ಬಗೆಯಲ್ಲಿ ಕಟ್ಟಿದ್ದಾರೆ. ಬಿರುಕು ದಾಟಿದ ಕ್ಷಣ ತಾಳ ತಪ್ಪದೆ ಹಳೆಯ ನಿಂಟೆಂಡೊ ಗೇಮ್ ಯಂತ್ರದ ಚುರುಕು ದನಿ ಸೆಗಾದ ಮೆಗಾ ಡ್ರೈವ್ ಯಂತ್ರದ ದಪ್ಪ ದನಿಯಾಗುತ್ತದೆ. ಹೋಗಬೇಕಾದ ದಾರಿ ಮರೆತು ಸುಮ್ಮನೆ ಆಚೆ ಈಚೆ ದಾಟುತ್ತಾ ಕೂತಿದ್ದೆ, ಹೆಡ್‌ಫೋನ್ ಹಾಕಿಕೊಂಡು.

ದೂರು ಇರುವುದು ಉತ್ತರಾರ್ಧದ ಬಗ್ಗೆ. ಅಲ್ಲಿಯವರೆಗೆ ಬಾಣದ ಹಾಗೆ ನೇರ ಓಡಿದ ಆಟ ಆಮೇಲೆ ನಕ್ಷೆ ಬಿಚ್ಚಿ, ಆರು ಸಂಗೀತ ಸ್ವರಗಳನ್ನು ಹುಡುಕಿ ತಾ ಅನ್ನುತ್ತದೆ. ಸುಳಿವು ಸಿಗುತ್ತದೆ ನಿಜ, ಆದರೆ ದಾಟಿದ ಕೋಣೆಗಳನ್ನೇ ಮತ್ತೆ ಮತ್ತೆ ದಾಟಬೇಕು. ವೇಗಕ್ಕೆ ಮನಸೋತಿದ್ದ ನನಗೆ ಒಂದೆರಡು ದಿನ ಬೇಸರವಾಗಿ ಕಂಟ್ರೋಲರ್ ಕೆಳಗಿಟ್ಟಿದ್ದೆ.

ಮತ್ತೆ ಎತ್ತಿಸಿದ್ದು ಪವರ್ ಸೀಲ್ ಅನ್ನುವ, ಹುಡುಕಿ ಗಳಿಸಬೇಕಾದ ಮುದ್ರೆಗಳು. ಒಟ್ಟು 45, ಒಂದೊಂದೂ ಬಚ್ಚಿಟ್ಟ ಒಂದು ಕೋಣೆಯಲ್ಲಿ. ಅಲ್ಲಿ ಮಾತಿಲ್ಲ, ಕಥೆಯಿಲ್ಲ. ಮುಳ್ಳು, ಗರಗಸ, ಲಾಟೀನು, ನಮ್ಮ ಹೆಬ್ಬೆರಳು. ಗೋಡೆ ಹತ್ತುವ ಉಗುರು, ತೇಲಿಸುವ ರೆಕ್ಕೆಯುಡುಪು, ಹಗ್ಗದ ಕೊಕ್ಕೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಬಳಸಿದರೆ ಮಾತ್ರ ಆಚೆ ದಡ. ಹಳೆಯ ಕೋಣೆಗಳನ್ನು ಮತ್ತೆ ತುಳಿಯುವುದಕ್ಕೆ ಆಗ ಕಾರಣ ಸಿಕ್ಕಿತು, ಬೇಸರವೂ ಹೋಯಿತು.

ಆಟ ಮುಗಿಸಿದ್ದೇನೆ. 2019ರಲ್ಲಿ ಉಚಿತವಾಗಿ ಕೊಟ್ಟ ‘ಪಿಕ್ನಿಕ್ ಪ್ಯಾನಿಕ್’ ಸೇರ್ಪಡೆಯನ್ನು ಇನ್ನೂ ತೆರೆದಿಲ್ಲ. ಸೀಲ್‌ಗಳಲ್ಲಿ ಮೂರು ಬಾಕಿ ಇವೆ, ಮೊದಲು ಅವು.