ಜಪಾನಿ ಪ್ರಿವೆಟ್ ಬೇಲಿ: ಪೇಟೆ ಮನೆಗೆ ಅಡ್ಡಿಯಿಲ್ಲ, ಬೆಟ್ಟದ ಅಂಚಿಗೆ ಬೇಡವೇ ಬೇಡ

ಡುರಾಂಟಾ ಬೇಲಿ ನೋಡಿ ನೋಡಿ ಸಾಕಾದವರು ಜಪಾನಿ ಪ್ರಿವೆಟ್ ಹೇಗಿದೆ ಎಂದು ನನ್ನನ್ನು ಕೇಳುತ್ತಿರುತ್ತಾರೆ. ಶಿರಸಿಯ ನಮ್ಮ ಮನೆಯ ಕಂಪೌಂಡಿನ ಒಳಸಾಲಿಗೆ ಅದನ್ನೇ ಹಾಕಿಸಿ ಕೆಲವು ಮಳೆಗಾಲ ಕಳೆದಿವೆ.

ಬೇಲಿಯಾಗಿ ಇದು ನಿಜಕ್ಕೂ ಚೆಂದ. ದಪ್ಪನೆಯ, ಎಣ್ಣೆ ಸವರಿದಂಥ ಎಲೆ. ಬೇಸಿಗೆಯಲ್ಲೂ ಬೋಳಾಗುವುದಿಲ್ಲ. ಕತ್ತರಿ ಹಾಕಿದಷ್ಟೂ ಒತ್ತಾಗಿ ಚಿಗುರುತ್ತದೆ. ರಸ್ತೆಯ ಧೂಳು ಈಗ ಜಗುಲಿಯವರೆಗೆ ಬರುತ್ತಿಲ್ಲ. ಮಲ್ಲಿಗೆ, ಪಾರಿಜಾತದ ಕುಟುಂಬದ್ದೇ ಗಿಡವಾದರೂ ಇದರ ಬಿಳಿ ಗೊಂಚಲಿನ ಪರಿಮಳ ಎಲ್ಲರಿಗೂ ಹಿಡಿಸುವುದಿಲ್ಲ, ವಾಸನೆ ಘಾಟು. ಸೀನು, ದಮ್ಮು ಇರುವವರ ಕಿಟಕಿ ಪಕ್ಕ ನೆಡಬೇಡಿ.

ಮಳೆಯ ವಿಷಯಕ್ಕೆ ಬರೋಣ, ನಮ್ಮ ಕಡೆ ಎಲ್ಲ ಗಿಡದ ಹಣೆಬರಹ ನಿರ್ಧಾರವಾಗುವುದು ಅಲ್ಲೇ. ಬುಡದಲ್ಲಿ ನೀರು ನಿಂತರೆ ಪ್ರಿವೆಟ್ ಬೇರು ಕೊಳೆಯುತ್ತದೆ. ಕೆಳಗೆ ಜಂಬಿಟ್ಟಿಗೆ, ಮೇಲೆ ಒಂದು ಮೊಳ ಮಣ್ಣು ಇರುವ ಹಿತ್ತಿಲಲ್ಲಿ ಆಷಾಢದ ನೀರು ಇಂಗುವುದು ನಿಧಾನ. ಮಣ್ಣು ಏರಿಸಿ ದಿಬ್ಬ ಮಾಡಿ, ಪಕ್ಕಕ್ಕೊಂದು ಕಾಲುವೆ ತೆಗೆದು, ಗಿಡದಿಂದ ಗಿಡಕ್ಕೆ ಎರಡು ಅಡಿಯಾದರೂ ಬಿಟ್ಟು ನೆಡಿ. ಬಿಡದೆ ಮಳೆ ಹೊಡೆದಾಗ ಎಲೆ ಮೇಲೆ ಕಂದು ಚುಕ್ಕೆ ಬೀಳುತ್ತದೆ, ಅದು ಶಿಲೀಂಧ್ರ. ಒಳಗಿನ ಕಡ್ಡಿ ಸವರಿ ಗಾಳಿಯಾಡುವಂತೆ ಮಾಡಿ, ಉದುರಿದ ಎಲೆ ಗುಡಿಸಿ ತೆಗೆದರೆ ಹತೋಟಿಗೆ ಬರುತ್ತದೆ.

ಮಾರುವಾಗ ನರ್ಸರಿಯವರು ಹೇಳದೇ ಬಿಟ್ಟ ಮಾತೊಂದಿದೆ, ನನಗೆ ಬೇಸರವಾಗಿದ್ದು ಅದಕ್ಕೇ: ಇದರ ಕಪ್ಪು ಹಣ್ಣು ವಿಷ. ಸಣ್ಣ ಮಕ್ಕಳು ಬಾಯಿಗೆ ಹಾಕಿಕೊಂಡರೆ ವಾಂತಿ, ಭೇದಿ ಆಗುತ್ತದೆ. ಸೊಪ್ಪೂ ದನಕ್ಕೆ ಒಳ್ಳೆಯದಲ್ಲ. ಸವರಿದ ಸೊಪ್ಪನ್ನೆಲ್ಲ ಕೊಟ್ಟಿಗೆಗೆ ಹಾಸುವುದು ನಮ್ಮ ರೂಢಿ. ಇದನ್ನು ಮಾತ್ರ ಹಾಸಬೇಡಿ.

ಹಕ್ಕಿಗಳಿಗೆ ಆ ಹಣ್ಣು ಇಷ್ಟ. ಅವು ತಿಂದು ಬೀಜವನ್ನು ಎಲ್ಲೆಲ್ಲೋ ಹಾಕುತ್ತವೆ. 1852ರಲ್ಲಿ ಅಂದಕ್ಕೆಂದು ಅಮೆರಿಕಕ್ಕೆ ಒಯ್ದ ಚೀನಾದ ಪ್ರಿವೆಟ್ ಇಂದು ಅಲ್ಲಿನ ಆಗ್ನೇಯ ರಾಜ್ಯಗಳ ಕಾಡಿನ ನೆಲವನ್ನೇ ಮುಚ್ಚಿದೆ. ದಕ್ಷಿಣ ಭಾರತ, ಶ್ರೀಲಂಕಾದ ಕಾಡಿನಲ್ಲಿ ತನ್ನ ಪಾಡಿಗೆ ಬೆಳೆಯುವ ಇದರ ಬಂಧುವೊಂದು ಮಾರಿಷಸ್, ರಿಯೂನಿಯನ್ ದ್ವೀಪಗಳಲ್ಲಿ ಊರಿನ ಗಿಡಗಳಿಗೆ ಜಾಗ ಕೊಡದಂತೆ ಹಬ್ಬಿದೆ. ಯುಪಟೋರಿಯಂ, ಲಂಟಾನಾದಂಥ ಹೊರಗಿನ ಕಳೆ ಬಂದು ನಮ್ಮ ಬೆಟ್ಟಗಳ ಪಾಡು ಏನಾಯಿತೆಂದು ಕಂಡವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕೇ?

ಹೂ ಬಿಡುವುದು ಚಿಗುರಿನ ತುದಿಯಲ್ಲಿ. ಮೊಗ್ಗು ಕಂಡ ಕೂಡಲೇ ಸವರಿಬಿಟ್ಟರೆ ಹಣ್ಣಿಲ್ಲ, ಬೀಜವೂ ಇಲ್ಲ. ಅಷ್ಟು ಮಾಡುತ್ತೇನೆ ಎನ್ನುವ ಪೇಟೆಯವರು ಧೈರ್ಯವಾಗಿ ತನ್ನಿ. ನರ್ಸರಿಯ ಕೊಟ್ಟೆಯ (ಚೀಲದ) ತಳದಲ್ಲಿ ಬೇರು ಸುತ್ತಿಕೊಂಡ ಗಿಡ ಬೇಡ, ಬುಡದಿಂದಲೇ ಕವಲೊಡೆದದ್ದನ್ನು ಆರಿಸಿ.

ಹಳ್ಳಿಯಿಂದ ಬಂದಿದ್ದ ಅತ್ತಿಗೆ ಇದನ್ನು ನೋಡಿ, "ಯಂಗೂ ನಾಲ್ಕ್ ಕಡ್ಡಿ ಕೊಡೆ, ಬೆಟ್ಟದ ಬೇಲಿಗೆ ನೆಡ್ತಿ" ಎಂದರು. ಕೊಡಲಿಲ್ಲ. ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ, ಬೇಲಿಗೆ ಲೆಕ್ಕಿ, ದಾಸವಾಳ, ಗೊಬ್ಬರದ ಗಿಡ (ಗ್ಲಿರಿಸಿಡಿಯಾ) ಇವೆ. ಕಡ್ಡಿ ಊರಿದರೆ ಸಾಕು, ಬದುಕುತ್ತವೆ. ದಾಸವಾಳದ ಕಡ್ಡಿಗಳನ್ನು ಕಟ್ಟು ಕಟ್ಟಿ ಅವರ ಕೈಗೆ ಕೊಟ್ಟು ಕಳಿಸಿದೆ.