ತಾತನ ಬಂದೂಕಿಗೆ ಸೈಲೆನ್ಸರ್ ಅಂಟಿಸಿದವನು

ಮನೆಯಲ್ಲಿ ಎರಡನೆಯ ಮಹಾಯುದ್ಧದ ಕಾಲದ ಫೋಟೊ ಇಟ್ಟುಕೊಂಡಿರುವವರು ಇದನ್ನು ಓದಿದ ಮೇಲೆ ಜೇಬಿಗೆ ಕೈ ಹಾಕಿ. ನನಗೆ ಹದಿನಾಲ್ಕು ಸಾವಿರ ರೂಪಾಯಿ ಹೋಯಿತು. ಅದು ಹಾಳಾಗಲಿ, ತಾತನ ಬಗ್ಗೆ ನೆಂಟರಿಷ್ಟರಿಗೆಲ್ಲ ಸುಳ್ಳು ಹಂಚಿ ಬಂದೆ.

ತಾತ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವರು. ಹಲಸೂರಿನಿಂದ ಹೊರಟು ಬರ್ಮಾ ಗಡಿಯವರೆಗೆ ಹೋಗಿ ಬಂದರು. ಅಲ್ಲಿಂದ ತಂದದ್ದೆಂದರೆ ಅಂಗೈಯಗಲದ ಒಂದು ಫೋಟೊ. ಮೂವರು ನಿಂತಿದ್ದಾರೆ, ನಡುವಿನವರು ತಾತ. ಅವರ ಕೈಯಲ್ಲಿ .303 ಲೀ ಎನ್‌ಫೀಲ್ಡ್ ಬಂದೂಕು, ಅದರ ಮೂತಿಗೆ ಲೋಟ ಸಿಕ್ಕಿಸಿದಂಥ ಏನೋ ಒಂದು. ಅದೇನೆಂದು ತಾತನನ್ನು ನಾವು ಯಾರೂ ಕೇಳಲಿಲ್ಲ.

ಹಳೆಯ ಸೈನಿಕ ಸಾಮಾನು ಮಾರುವ ಒಬ್ಬನಿಗೆ ಮೊಬೈಲಿನಲ್ಲಿ ಅದರ ಚಿತ್ರ ಕಳಿಸಿದೆ. ಎರಡು ದಿನದಲ್ಲಿ ಕಂಪ್ಯೂಟರಿನಲ್ಲಿ ‘ಸ್ಪಷ್ಟಗೊಳಿಸಿದ’ ಪ್ರತಿ ಬಂತು. ಬಂದೂಕಿನ ಮರ ಕನ್ನಡಿಯಂತೆ ಹೊಳೆಯುತ್ತಿತ್ತು. ಲೋಟ ಹೋಗಿ ಉದ್ದನೆಯ ಕೊಳವೆಯಾಗಿತ್ತು. ‘ಇದು ಸೈಲೆನ್ಸರ್, ಗುಂಡಿನ ಸದ್ದಡಗಿಸುವ ಕೊಳವೆ. ತೋಟಾ ತುಂಬಲು ಎಳೆಯುವ ಈ ಹಿಡಿ, ಬೋಲ್ಟ್ ನೋಡಿ, ಎಡಗಡೆ ಇದೆ. ಎಡಚರಿಗಾಗಿ ಮಾಡಿಸಿದ ಬಂದೂಕು. ನಿಮ್ಮ ತಾತ ಗುಟ್ಟಿನ ದಳದವರು’ ಎಂದ. ಅಂಥದೇ ಒಂದು ‘ಅಸಲಿ’ ಸೈಲೆನ್ಸರ್ ತನ್ನ ಬಳಿ ಇದೆಯೆಂದೂ ಸೇರಿಸಿದ. ಹೊಗಳಿಕೆಗೆ ಉಬ್ಬಿದ ಮೊಮ್ಮಗ ಅಂದೇ ಹಣ ಕಳಿಸಿದ. ತಾತನ ನೂರನೆಯ ವರ್ಷದ ಪುಸ್ತಿಕೆಯ ಮುಖಪುಟಕ್ಕೂ ಆ ಪ್ರತಿಯನ್ನೇ ಹಾಕಿಸಿದೆ.

ಮೊದಲು ಹಿಡಿದವರು ದೊಡ್ಡಮ್ಮ. ‘ಅಪ್ಪನ ಗಾಯ ಎಡಹುಬ್ಬಿನ ಮೇಲಿತ್ತಲ್ಲೋ, ಇದರಲ್ಲಿ ಬಲಕ್ಕೆ ಹೋಗಿದೆ’ ಎಂದರು. ಮೂಲ ಫೋಟೊ ತೆಗೆದು ನೋಡಿದರೆ ಬೋಲ್ಟ್ ಬಲಗಡೆಯೇ ಇತ್ತು, ಅಂಗಿಯ ಗುಂಡಿಗಳು ಗಂಡಸರ ಅಂಗಿಯಲ್ಲಿರುವ ಹಾಗೆಯೇ ಇದ್ದವು. ಅವನು ಕಳಿಸಿದ ಪ್ರತಿಯೇ ಎಡಬಲ ಮಗುಚಿತ್ತು. ಲೀ ಎನ್‌ಫೀಲ್ಡ್‌ನ ಬೋಲ್ಟ್ ಇರುವುದೇ ಬಲಗಡೆ. ಹಳೆಯ ಚಿತ್ರದಲ್ಲಿ ಅದು ಎಡಕ್ಕೆ ಕಂಡರೆ ಬಂದೂಕಿಗಿಂತ ಮೊದಲು ಚಿತ್ರವನ್ನು ಅನುಮಾನಿಸಿ.

ಆಮೇಲೆ ಪರಿಚಯದ ನಿವೃತ್ತ ಸುಬೇದಾರರೊಬ್ಬರ ಮನೆಗೆ ಹೋದೆ. ಎಂಬತ್ತು ದಾಟಿದವರು, ಸೇನೆಗೆ ಸೇರಿದ ಹೊಸತರಲ್ಲಿ ಇದೇ .303 ಹಿಡಿದವರು. ಮೂಲ ಫೋಟೊದ ಮೇಲೆ ಭೂತಗನ್ನಡಿ ಇಟ್ಟು, ಲೋಟವನ್ನು ಬಿಟ್ಟು ಅದರ ಕೆಳಗಿನ ಮರವನ್ನು ತೋರಿಸಿದರು. ಅಲ್ಲಿ ಒತ್ತೊತ್ತಾಗಿ ತಂತಿ ಸುತ್ತಿದ ಗೆರೆಗಳಿದ್ದವು. ಇಷ್ಟು ವರ್ಷ ಅದು ಫೋಟೊದ ಸವಕಳಿ ಎಂದುಕೊಂಡಿದ್ದೆ. ‘ಇದು ಗ್ರೆನೇಡ್ ಹಾರಿಸುವ ಲೋಟ ಕಣಪ್ಪ’ ಎಂದು ನಕ್ಕರು. 36ನೆಯ ನಂಬರಿನ ಮಿಲ್ಸ್ ಗ್ರೆನೇಡಿನ ತಳಕ್ಕೆ ಒಂದು ಲೋಹದ ಬಿಲ್ಲೆ ತಿರುಗಿಸಿ, ಅದನ್ನು ಲೋಟದೊಳಗೆ ಇಳಿಸುತ್ತಾರೆ. ಪಿನ್ ಎಳೆದರೂ ಲೋಟದ ಗೋಡೆ ಗ್ರೆನೇಡ್ ಸಿಡಿಯದಂತೆ ತಡೆಯುವ ಸನ್ನೆಕೋಲನ್ನು ಅದುಮಿ ಹಿಡಿದಿರುತ್ತದೆ. ಬಂದೂಕಿನ ಹಿಂಬದಿಯನ್ನು ನೆಲಕ್ಕೆ ಊರಿ, ಗುಂಡಿಲ್ಲದ ಮದ್ದಿನ ತೋಟಾ ಸಿಡಿಸಿದರೆ ಗ್ರೆನೇಡ್ ಸುಮಾರು 200 ಗಜ ಹೋಗಿ ಬೀಳುತ್ತದೆ. ಆ ಒದೆತಕ್ಕೆ ಮರ ಸೀಳಬಾರದೆಂದು ತಂತಿ ಸುತ್ತುವುದು. ಕಂಪ್ಯೂಟರು ಹೊಳಪಿಗಾಗಿ ಒರೆಸಿ ಹಾಕಿದ್ದು ಈ ತಂತಿಯನ್ನೇ!

ನಾನು ಕೊಂಡ ಕೊಳವೆಯನ್ನೂ ಅವರ ಕೈಗಿತ್ತೆ. ಒಂದಿಂಚು ಅಗಲವೂ ಇಲ್ಲ. ಗ್ರೆನೇಡಿನ ಲೋಟಕ್ಕೆ ಎರಡೂವರೆ ಇಂಚು ಬೇಕು. ಒಳಗೆ ಆಗತಾನೆ ಕೊರೆದಂಥ ಮರೆಗಳು, ಅಂದರೆ ತಿರುಪಿನ ಸುರುಳಿ ಗೆರೆಗಳು. ಇದನ್ನು ತಿರುಗಿಸಿ ಕೂರಿಸಲು ಆ ಬಂದೂಕಿನ ನಳಿಗೆಯ ತುದಿಯಲ್ಲಿ ಮರೆಯೇ ಇಲ್ಲವಂತೆ. ನಿಜವಾದ ಲೋಟ ಮೂತಿಯ ಲೋಹದ ಕವಚವನ್ನು ಕಚ್ಚಿ ಕೂರುತ್ತದೆ.

ಇದೇ ಗುಂಗಿನಲ್ಲಿ ನನ್ನದೂ ಒಂದು ತಪ್ಪು ಸಿಕ್ಕಿತು. ಹಳೆಯ ಫೋಟೊಗಳಲ್ಲಿ ನೆತ್ತಿಯ ಮೇಲೆ ಬಾಗಿದ ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ಇರುವ ಮೆಷಿನ್‌ಗನ್ ಕಂಡರೆ ಸಾಕು, ಬ್ರಿಟಿಷರ ಲಘು ಮೆಷಿನ್‌ಗನ್ ಆದ ‘ಬ್ರೆನ್’ ಎಂದು ಬರೆದುಬಿಡುತ್ತಿದ್ದೆ. ಭಾರತೀಯ ಸೇನೆಯಲ್ಲಿ ಅದೇ ರೂಪದ ‘ವಿಕರ್ಸ್ ಬರ್ತಿಯೇ’ ಎಂಬ ಮೆಷಿನ್‌ಗನ್ ಕೂಡ ಇತ್ತು, ಬಂಗಾಳದ ಇಛಾಪುರದ ಕಾರ್ಖಾನೆಯಲ್ಲೇ ತಯಾರಾಗುತ್ತಿತ್ತು.

ಹಣ ವಾಪಸ್ ಕೇಳಿದಾಗ ಆ ಮಾರಾಟಗಾರ, ‘ಅದಿರಲಿ, ಹೊಂದುವ ಬೋಲ್ಟ್ ಕೊಡಲೇ?’ ಎಂದ. ದಯವಿಟ್ಟು ಇಂಥದಕ್ಕೆ ಕೈ ಚಾಚಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಆಯುಧದ ಬಿಡಿಭಾಗವೂ ಆಯುಧವೇ. ತಾತನ ನೆನಪಿಗೆಂದು ಕೊಂಡೆ ಎಂದರೆ ಠಾಣೆಯಲ್ಲಿ ಯಾರೂ ಕೇಳುವುದಿಲ್ಲ.

ಕೊಳವೆ ಈಗ ಅಟ್ಟದ ಮೇಲಿದೆ. ಹಂಚಿದ ನಲವತ್ತು ಪುಸ್ತಿಕೆಗಳಲ್ಲಿ ಇಪ್ಪತ್ತಾರನ್ನು ಮನೆಮನೆಗೆ ಹೋಗಿ ವಾಪಸ್ ತಂದಿದ್ದೇನೆ. ಉಳಿದ ಹದಿನಾಲ್ಕರಲ್ಲಿ ತಾತ ಇನ್ನೂ ಎಡಚರಾಗಿಯೇ ಗುಟ್ಟಿನ ದಳದಲ್ಲಿದ್ದಾರೆ.